ಇಕ್ಕಳದಜ್ಜಿಯೂ ಔಷಧಿ ಬಾಟಲಿಯ ಮುಚ್ಚಳವೂ

ಆ ಬೀದಿಯಲ್ಲಿ ಯಾರ ಮನೆಯ ಡಬ್ಬಿಯ ಮುಚ್ಚಳ ಬಿಗಿಯಾದರೂ ಅದು ನೇರವಾಗಿ ಬರುತ್ತಿದ್ದುದು ಇಕ್ಕಳದಜ್ಜಿಯ ಬಾಗಿಲಿಗೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡನಂತೂ ಮದುವೆಯಾದ ದಿನದಿಂದ 'ಲೇ' ಅನ್ನುವುದರಲ್ಲೇ ಸಂಸಾರ ಮಾಡಿದವನು. ಗಟ್ಟಿಮುಟ್ಟಾದ ಗಂಡಸರು ಮುಖ ಕೆಂಪಗೆ ಮಾಡಿಕೊಂಡು, ಬಟ್ಟೆ ಸುತ್ತಿ, ಬಿಸಿನೀರು ಸುರಿದು, ಕೊನೆಗೆ ಸೋತು ತಂದ ಡಬ್ಬಿಯನ್ನು ಅಜ್ಜಿ ಒಂದು ಸಲ ಮೇಲೆ ಕೆಳಗೆ ನೋಡಿ, ಅಂಗೈಯಲ್ಲಿ ಹಿಡಿದು, 'ಟಪ್' ಎನ್ನಿಸಿಬಿಡುತ್ತಿದ್ದಳು. "ತಗೊಂಡು ಹೋಗಪ್ಪ, ನಿಮ್ಮಮ್ಮ ಸರಿಯಾಗಿ ಊಟ ಹಾಕ್ತಿಲ್ಲ ಅಂತ ಕಾಣುತ್ತೆ" ಎಂದು ಒಂದು ಮಾತು ಚುಚ್ಚಿ ಕಳಿಸುತ್ತಿದ್ದಳು.

ಆ ಕೈ ಸುಮ್ಮನೆ ಬಂದದ್ದಲ್ಲ. ಜೀವಮಾನವೆಲ್ಲ ಅವಳು ದುಡಿದದ್ದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಿಂಡುವ ಯಂತ್ರ ಬರುವ ಮೊದಲು ಹಾಸಿಗೆಯ ಹೊದಿಕೆಗಳನ್ನೆಲ್ಲ ಹೆಂಗಸರು ಕೈಯಿಂದಲೇ ಹಿಂಡಬೇಕಿತ್ತು. ಒದ್ದೆ ಹೊದಿಕೆಯ ಒಂದು ತುದಿ ಇಬ್ಬರ ಕೈಯಲ್ಲಿ, ಇನ್ನೊಂದು ತುದಿ ಇವಳೊಬ್ಬಳ ಕೈಯಲ್ಲಿ. ಇವಳು ತಿರುವಿದರೆ ಆ ಕಡೆಯ ಇಬ್ಬರೂ ಜಾರಿ ಮುಂದೆ ಬರುತ್ತಿದ್ದರಂತೆ. ಇಕ್ಕಳ ಅನ್ನುವ ಬಿರುದು ಕೊಟ್ಟದ್ದು ಆ ಕೋಣೆಯೇ. "ಆಗಲ್ಲ" ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರು ಇಲ್ಲ.

ಗಂಡನ ಕೈಯ ಕಥೆ ಇದಕ್ಕೆ ತದ್ವಿರುದ್ಧ. ಅವನು ವಸ್ತುಸಂಗ್ರಹಾಲಯದ ಕಾವಲುಗಾರ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಪೆಟ್ಟಿಗೆಗಳ ನಡುವೆ ಓಡಾಡುತ್ತ, ಬಂದವರಿಗೆಲ್ಲ "ಮುಟ್ಟಬೇಡಿ, ಮುಟ್ಟಬೇಡಿ" ಎನ್ನುವುದೇ ಅವನ ನೌಕರಿ. ಮನೆಗೆ ಬಂದರೂ ಆ ಚಾಳಿ ಬಿಡಲಿಲ್ಲ. ಪಾತ್ರೆ ಮುಟ್ಟುತ್ತಿರಲಿಲ್ಲ, ಮೊಳೆ ಮುಟ್ಟುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಎದೆನೋವು ಅಂಟಿಕೊಂಡಿತು. ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಡಾಕ್ಟರು ಒಂದು ಪುಟ್ಟ ಮಾತ್ರೆ ಬರೆದುಕೊಟ್ಟರು. ಆ ಬಾಟಲಿ ತೆರೆಯುವುದೂ ಅಜ್ಜಿಯ ಪಾಲಿಗೇ ಬಂತು.

ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅಜ್ಜಿಯ ಸೆರಗಿನ ಒಳಗಿತ್ತು. ಅವಳ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಬೆಳಗ್ಗೆ ಎದ್ದಾಗ ಕೈ ಮುಷ್ಟಿ ಕಟ್ಟುತ್ತಿರಲಿಲ್ಲ. ಬೀದಿಯವರು ಎದ್ದು ಬರುವ ಹೊತ್ತಿಗೆ ಬಿಸಿನೀರಲ್ಲಿ ಅದ್ದಿ ಅದ್ದಿ ಹೇಗೋ ಸಡಿಲ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಜಗಲಿಯಲ್ಲಿ ಕೂತಿರುತ್ತಿದ್ದಳು. ವಾತ ತೋರಿಸಲು ಆಸ್ಪತ್ರೆಗೆ ಹೋದದ್ದನ್ನೂ ಗಂಡನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಅಲ್ಲಿಯೇ, ಆಸ್ಪತ್ರೆಯ ಬೆಂಚಿನ ಮೇಲೆ, ಬಿಳಿಕೋಟಿನ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಬಂದು ಕೂತು, "ಅಜ್ಜಿ, ನಮ್ಮಲ್ಲಿ ಒಂದು ಪರೀಕ್ಷೆ ಇರುತ್ತೆ, ಬರ್ತೀರಾ? ಔಷಧಿ ಬಾಟಲಿ ಮುಚ್ಚಳ ತೆಗೆಯೋದು, ಅಷ್ಟೇ" ಎಂದಳು.

"ಮುಚ್ಚಳ ತೆಗೆಯೋದಾ?" ಎಂದಳು ಅಜ್ಜಿ. "ಅಯ್ಯೋ, ಅದಕ್ಕೆ ನನ್ನನ್ನಲ್ಲದೆ ಇನ್ಯಾರನ್ನ ಕರೀತೀಯ!"

ಪರೀಕ್ಷಾ ಕೇಂದ್ರ ಎಂದರೆ ಹಳೆಯ ಗೋದಾಮೊಂದರ ಮೇಲಿನ ಮಹಡಿ. ಎರಡು ಕೋಣೆ, ನಡುವೆ ಒಂದು ಓಣಿ, ಎರಡೂ ಕೋಣೆಗೆ ಓಣಿಯಿಂದ ಕಾಣುವ ಹಾಗೆ ಗಾಜಿನ ಕಿಟಕಿ. ಒಂದು ಕೋಣೆಯೊಳಗೆ ನೋಡಿದ ಅಜ್ಜಿ ನಿಂತಲ್ಲೇ ನಿಂತುಬಿಟ್ಟಳು. ಅಲ್ಲಿ ಶಾಲೆಗೆ ಸೇರುವ ವಯಸ್ಸೂ ಆಗದ ಪುಟಾಣಿಗಳು ನೆಲದ ಮೇಲೆ ಕೂತಿದ್ದವು, ಪ್ರತಿಯೊಂದರ ಕೈಯಲ್ಲೂ ಒಂದು ಬಾಟಲಿ. ಒಂದು ಮಗು ಕಚ್ಚುತ್ತಿತ್ತು. ಒಂದು ನೆಲಕ್ಕೆ ಕುಟ್ಟುತ್ತಿತ್ತು. ಗುಂಡುಗುಂಡಾದ ಹುಡುಗಿಯೊಬ್ಬಳು ಬಾಟಲಿಯ ಮೇಲೆಯೇ ಕೂತು, ಎದ್ದು, ತೆರೆಯಿತೇ ಎಂದು ಬಗ್ಗಿ ನೋಡುತ್ತಿದ್ದಳು.

"ಇದೇನಮ್ಮ ಆಟ?"

"ಆಟ ಅಲ್ಲ ಅಜ್ಜಿ, ಕಾನೂನು" ಎಂದಳು ಅದೇ ಬಿಳಿಕೋಟಿನವಳು, ಅಲ್ಲಿಯ ಮೇಲ್ವಿಚಾರಕಿ. "ಮೊದಲೆಲ್ಲ ಮಕ್ಕಳು ಮಿಠಾಯಿ ಅಂದ್ಕೊಂಡು ದೊಡ್ಡವರ ಮಾತ್ರೆ ನುಂಗಿಬಿಡ್ತಿದ್ರು. ಎಷ್ಟೋ ಮಕ್ಕಳು ಹೋದವು. ಅದಕ್ಕೇ ಮಗೂಗೆ ತೆಗೆಯೋಕೆ ಬರಬಾರದು ಅಂತ ಮಾಡಿದ್ರು. ಆಮೇಲೆ ನೋಡಿದ್ರೆ ವಯಸ್ಸಾದವರಿಗೂ ಬರ್ತಿಲ್ಲ! ಈಗ ಎರಡೂ ನೋಡಬೇಕು. ಈ ಕೋಣೇಲಿ ಮಕ್ಕಳು ಸೋಲಬೇಕು, ಆ ಕೋಣೇಲಿ ನೀವು ಗೆಲ್ಲಬೇಕು. ಎರಡೂ ಆದ್ರೆ ಮಾತ್ರ ಆ ಮುಚ್ಚಳ ಅಂಗಡಿಗೆ ಹೋಗುತ್ತೆ."

ಅಬ್ಬಾ! ಅಜ್ಜಿಗೆ ಮೈ ಜುಮ್ಮೆಂದಿತು. ಎಲ್ಲೋ ಒಂದು ಕಡೆ, ಯಾರೋ ಪುಣ್ಯಾತ್ಮರು ದೊಡ್ಡ ಮೇಜಿನ ಸುತ್ತ ಕೂತು, ಮುದುಕಿಯರ ಬೆರಳಿನ ಬಗ್ಗೆ ಯೋಚನೆ ಮಾಡಿದ್ದಾರೆ! ಹೊದಿಕೆ ಹಿಂಡಿ ಹಿಂಡಿ ಸೊಟ್ಟಗಾದ ಈ ಬೆರಳು ಹೂಂ ಅಂದರೆ ಮುಚ್ಚಳ ಲೋಕಕ್ಕೆಲ್ಲ ಹೋಗುತ್ತದೆ, ಊಹೂಂ ಅಂದರೆ ಅಲ್ಲೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದರೂ ಡಾಕ್ಟರೊಬ್ಬರು ಅವಳ ಮುಖ ನೋಡಿ ಮಾತಾಡಿದ್ದಿಲ್ಲ. ಇಲ್ಲಿ ಕುರ್ಚಿ ಎಳೆದು ಕೂರಿಸುತ್ತಾರೆ, ನೀರು ಬೇಕೇ ಎನ್ನುತ್ತಾರೆ, ಅವಳ ಕೈಯನ್ನೇ ಕಣ್ಣಿಟ್ಟು ನೋಡುತ್ತಾರೆ.

"ರೀ, ನನ್ನ ಕೈ ಸರ್ಕಾರದ ಲೆಕ್ಕಕ್ಕೆ ಬಂದುಬಿಡ್ತು" ಎಂದು ಮನೆಗೆ ಬಂದು ಹೇಳಿದಳು.

"ನನ್ನ ಕೈ ಮೊದಲಿಂದ ಸರ್ಕಾರದ ಲೆಕ್ಕದಲ್ಲೇ ಇತ್ತು ಕಣೇ, ಬೆನ್ನ ಹಿಂದೆ" ಎಂದ ಅಜ್ಜ.

ಅಂದಿನಿಂದ ಅವಳು ಅಲ್ಲಿಯ ಕಾಯಂ ಅಜ್ಜಿಯಾದಳು. ಅವಳ ಹಾಗೆಯೇ ಇನ್ನೂ ಕೆಲವರು, ಹೊತ್ತಿಗೆ ಸರಿಯಾಗಿ ಬರುವ, ಗೊಣಗದ, ಹೇಳಿದ್ದು ಥಟ್ಟನೆ ಅರ್ಥವಾಗುವ ಹೆಂಗಸರು. ಪ್ರತಿ ಪರೀಕ್ಷೆಗೂ ಹೊಸ ಮುದುಕರನ್ನು ಹುಡುಕುವುದು ಯಾವ ಸುಖಕ್ಕೆ ಎಂದು ಕೇಂದ್ರದವರು ಇವರನ್ನೇ ಕರೆಯುತ್ತಿದ್ದರು. ಔಷಧಿ ಕಂಪನಿಗೆ ಒಪ್ಪಿಗೆ ಬೇಗ ಬೇಕು, ಕೇಂದ್ರಕ್ಕೆ ಸಲೀಸಾಗಿ ಮುಗಿಯಬೇಕು, ಹೆಂಗಸರಿಗೆ ಒಂದು ಮಧ್ಯಾಹ್ನದ ಗೌರವ. ಯಾರೂ ಇದನ್ನು ತಪ್ಪು ಅನ್ನಲಿಲ್ಲ.

ಹೀಗಿರುವಾಗ ಬಂತು ಆ ಬಿಳಿ ಮುಚ್ಚಳ. ಕೆಳಕ್ಕೆ ಒತ್ತಬೇಕು, ಒತ್ತಿ ಹಿಡಿದೇ ಎರಡೂ ಬದಿ ಹಿಸುಕಬೇಕು, ಹಿಸುಕಿಕೊಂಡೇ ತಿರುವಬೇಕು. ಅಜ್ಜಿ ಒತ್ತಿದಳು, ಹಿಸುಕಿದಳು, ತಿರುವಿದಳು. ಮುಚ್ಚಳ ಕಟಕಟ ಎಂದು ಸುತ್ತಿತೇ ಹೊರತು ಮೇಲೆ ಬರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಬೆಂಕಿ ಬಿದ್ದಂತಾಯಿತು. ಪಕ್ಕದವರೂ ಒದ್ದಾಡುತ್ತಿದ್ದರು. ಹೊತ್ತು ಮುಗಿಯಿತೆಂದು ಮೇಲ್ವಿಚಾರಕಿ ಹೇಳಿದಾಗ ತೆರೆದವರು ಯಾರೂ ಇರಲಿಲ್ಲ. "ಆಗಲಿಲ್ಲ" ಎಂಬ ಒಂದೇ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ಅಜ್ಜಿಗೆ ನಾಲಿಗೆಯೇ ಹೊರಳಲಿಲ್ಲ.

"ಇವತ್ತು ಕೈ ಬೆವರಿದೆ ನೋಡು, ಜಾರ್ತಾ ಇದೆ" ಎಂದಳು. "ಇನ್ನೊಂದು ದಿನ ಇಡಮ್ಮ, ತೆಗೆದು ತೋರಿಸ್ತೀನಿ."

ಕಂಪನಿಗೂ ಬೇಕಿದ್ದುದು ಅದೇ. ಇನ್ನೊಂದು ಸಲ ನೋಡೋಣ ಎಂದರು. ಅಜ್ಜಿ ಮಾತ್ರ ಒಂದು ಬಾಟಲಿಯನ್ನು ಮೆಲ್ಲನೆ ಚೀಲದೊಳಕ್ಕೆ ಇಳಿಬಿಟ್ಟುಕೊಂಡು ಬಂದಳು. ಆಮೇಲೆ ನಡೆದದ್ದು ಕುಸ್ತಿಯೇ. ಒಲೆಯ ಮುಂದೆ ಕುಸ್ತಿ, ಜಗಲಿಯಲ್ಲಿ ಕುಸ್ತಿ. "ಅದರ ಮೇಲೇನೇ ನಿನಗೆ ಹಗೆ?" ಎಂದು ಅಜ್ಜ ನಕ್ಕರೆ, "ನೀವು ಸುಮ್ನಿರಿ, ಇದು ಮರ್ಯಾದೆ ಪ್ರಶ್ನೆ" ಎನ್ನುತ್ತಿದ್ದಳು. ಕಡೆಗೂ ಗುಟ್ಟು ಸಿಕ್ಕಿತು. ಬಾಟಲಿಯನ್ನು ಮೇಜಿನ ಅಂಚಿಗೆ ಆನಿಸಿ, ಅಂಗೈಯ ಬುಡದಿಂದ ಮೈಭಾರವನ್ನೆಲ್ಲ ಹಾಕಿ ಒತ್ತಿ, ಮುಚ್ಚಳದ ಬದಿ ಆ ಅಂಚಿಗೇ ಹಿಸುಕಿಕೊಳ್ಳುವ ಹಾಗೆ ಮಾಡಿ, ಬೆರಳಿಗೆ ಕೆಲಸವೇ ಕೊಡದೆ ಮುಂಗೈ ತಿರುವಿದರೆ ಕಳ್ಳ ಮುಚ್ಚಳ ಸದ್ದಿಲ್ಲದೆ ಬರುತ್ತಿತ್ತು. ಅಜ್ಜಿಗೆ ಖುಷಿ ತಡೆಯಲಾಗಲಿಲ್ಲ. ಪರೀಕ್ಷೆಯ ದಿನ ಓಣಿಯಲ್ಲೇ ಎಲ್ಲ ಹೆಂಗಸರನ್ನೂ ಸುತ್ತ ಕೂಡಿಸಿಕೊಂಡು ಹೇಳಿಕೊಟ್ಟಳು. ಒಳಗೆ ಹೋದವರೆಲ್ಲ ಟಪ್ ಟಪ್ ಎಂದು ತೆರೆದರು. ಮೇಲ್ವಿಚಾರಕಿ ಕಣ್ಣರಳಿಸಿ ಚಪ್ಪಾಳೆ ತಟ್ಟಿದಳು. ಬಿಳಿ ಮುಚ್ಚಳ ಪಾಸಾಯಿತು.

ಕೆಲವು ತಿಂಗಳು ಕಳೆದು ಅಜ್ಜನ ಎದೆಮಾತ್ರೆಯ ಹೊಸ ಬಾಟಲಿ ಬಂದಾಗ ಅಜ್ಜಿ ಅದನ್ನೆತ್ತಿ ಹಿಡಿದು ಕುಣಿಯುವುದೊಂದು ಬಾಕಿ. "ರೀ, ನೋಡಿ ಇಲ್ಲಿ, ನಮ್ಮ ಮುಚ್ಚಳ! ನಾನು ಪಾಸು ಮಾಡಿದ ಮುಚ್ಚಳ ನಮ್ಮ ಮನೆಗೇ ಬಂತು!" ಅಕ್ಕಪಕ್ಕದವರಿಗೂ ತೋರಿಸಿ ಬಂದಳು.

ಅದಾದ ಮೇಲೆ ಒಂದು ಮಧ್ಯಾಹ್ನ. ಅಜ್ಜಿ ಬೇರೊಂದು ಮುಚ್ಚಳದ ಪರೀಕ್ಷೆಗೆ ಹೋಗಿದ್ದಳು. ಮುಗಿಸಿ, ಚಹಾ ಕುಡಿದು, ಹೊಗಳಿಸಿಕೊಂಡು, ನಡೆದೇ ಮನೆಗೆ ಬಂದಳು. ಬಾಗಿಲು ಹಾರುಹೊಡೆದಿತ್ತು. ಒಳಗೆ ಅಡುಗೆಮನೆಯ ನೆಲದ ಮೇಲೆ ಅಜ್ಜ ಗೋಡೆಗೆ ಒರಗಿ ಕೂತಿದ್ದ, ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಪಕ್ಕದಲ್ಲಿ ಮೇಲ್ಮನೆಯ ದರ್ಜಿ ಮಂಡಿಯೂರಿ ಗಾಳಿ ಬೀಸುತ್ತಿದ್ದ. ನೆಲದ ತುಂಬ ಪುಟ್ಟಪುಟ್ಟ ಬಿಳಿ ಮಾತ್ರೆಗಳು.

"ನೆಲ ಕುಟ್ಟೋ ಸದ್ದು ಬಂತಮ್ಮ" ಎಂದ ದರ್ಜಿ. "ಏನು ಮಧ್ಯಾಹ್ನದ ಹೊತ್ತಲ್ಲಿ ಈ ಗಲಾಟೆ ಅಂತ ಬೈಯೋಕೇ ಇಳಿದು ಬಂದೆ. ನೋಡಿದ್ರೆ ಬಾಟಲಿ ಹಿಡ್ಕೊಂಡು ನೆಲಕ್ಕೆ ಕುಟ್ತಾ ಇದ್ದಾರೆ. ನನ್ನ ಕೈಲೂ ಬರಲಿಲ್ಲ. ಬಟ್ಟೆ ಕತ್ತರಿಯಿಂದ ಬಾಟಲಿ ಸೀಳಿಬಿಟ್ಟೆ. ಮಾತ್ರೆ ನಾಲಿಗೆ ಕೆಳಗಿಟ್ಟ ಮೇಲೆ ಉಸಿರು ಬಂತು."

ಅಜ್ಜಿ ಬಾಟಲಿಯ ತುಂಡನ್ನು ಎತ್ತಿಕೊಂಡಳು. ಬಿಳಿ ಮುಚ್ಚಳ ಇನ್ನೂ ಗಟ್ಟಿಯಾಗಿ ಕೂತೇ ಇತ್ತು. ಅದರ ಸುತ್ತ ಹಲ್ಲಿನ ಗುರುತು. ಗಂಡ ಇಲ್ಲಿ ಪ್ರಾಣ ಹಿಡಿದುಕೊಂಡು ಮುಚ್ಚಳ ಕಚ್ಚುತ್ತಿದ್ದಾಗ ಅವಳು ಅಲ್ಲಿ ಚಹಾ ಕುಡಿಯುತ್ತ ಜಂಬ ಕೊಚ್ಚುತ್ತಿದ್ದಳು. ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಅಜ್ಜ ಚೇತರಿಸಿಕೊಂಡ. ಅಜ್ಜಿ ಔಷಧಿ ಅಂಗಡಿಗೆ ಓಡಿದಳು. ಈ ಮಾತ್ರೆಯನ್ನು ಒಂದು ಸಾದಾ ಡಬ್ಬಿಗೆ ಹಾಕಿಕೊಡಪ್ಪ ಎಂದಳು.

"ಹಾಗೆ ಬೇರೆ ಡಬ್ಬಿಗೆ ಹಾಕಬಾರದಮ್ಮ, ಸಡಿಲ ಮುಚ್ಚಿದ್ರೂ ಗಾಳಿ ತಾಗಿ ಶಕ್ತಿ ಹೋಗುತ್ತೆ" ಎಂದ ಅಂಗಡಿಯವನು. "ಆ ಕಂಪನಿಯವರು ಈಗ ಎಲ್ಲ ಬಾಟಲಿಗೂ ಇದೇ ಮುಚ್ಚಳ ಹಾಕ್ತಿದ್ದಾರೆ, ಒಂದೇ ಥರ ಆದ್ರೆ ಅವರಿಗೆ ಸಲೀಸು. ಬಹಳ ಜನ ಬೈಕೊಂಡು ಹೋಗ್ತಾರೆ. ನಾನೇನು ಮಾಡ್ಲಿ? ವಯಸ್ಸಾದವರ ಕೈಯಲ್ಲೇ ತೆಗೆಸಿ ನೋಡಿ ಪಾಸು ಮಾಡಿದ್ದಂತೆ."

ಅಜ್ಜಿ ಹಿಂದಕ್ಕೆ ತಿರುಗಿದಳು. ಅಂಗಡಿಯ ಮುಂದೆ ಸಾಲಾಗಿ ನಿಂತವರನ್ನು ನೋಡಿದಳು. ಕೋಲು ಹಿಡಿದವರು, ಕೈ ನಡುಗುವವರು, ಒಂಟಿಯಾಗಿ ಬಂದವರು. ಒಬ್ಬೊಬ್ಬರ ಚೀಲದೊಳಕ್ಕೂ ಬಿಳಿ ಮುಚ್ಚಳ ಇಳಿಯುತ್ತಿತ್ತು. ತನ್ನ ಕೈ ಇಷ್ಟು ದೂರ ಚಾಚಿಕೊಂಡಿದೆ ಎಂದು ಅವಳಿಗೆ ಮೊದಲ ಸಲ ಕಂಡದ್ದು ಆಗಲೇ. ಕಾಣದೂರಿನ ಅಡುಗೆಮನೆಗಳಲ್ಲಿ, ಮೇಲ್ಮನೆಯಲ್ಲಿ ದರ್ಜಿಯಿಲ್ಲದ ಮನೆಗಳಲ್ಲಿ, ಯಾರು ಯಾರು ನೆಲ ಕುಟ್ಟುತ್ತಿದ್ದಾರೋ! ಅಂದಿನಿಂದ ಗಂಡನನ್ನು ಬಿಟ್ಟು ಬೀದಿಯ ತಿರುವಿಗೆ ಹೋಗುವುದನ್ನೂ ನಿಲ್ಲಿಸಿದಳು. ಸ್ನಾನಕ್ಕೆ ಹೋದರೂ ಅಲ್ಲಿಂದಲೇ "ರೀ, ಇದ್ದೀರಾ?" ಎಂದು ಕೂಗುತ್ತಿದ್ದಳು.

ಹೀಗಿರುವಾಗ ಮೇಲ್ವಿಚಾರಕಿಯೇ ಮನೆ ಹುಡುಕಿಕೊಂಡು ಬಂದಳು. ಬಿಳಿ ಮುಚ್ಚಳದ ಮೇಲೆ ದೂರುಗಳು ಹೋಗಿದ್ದವಂತೆ. ಇನ್ನೊಮ್ಮೆ ಪರೀಕ್ಷೆ ಮಾಡಿ ತೋರಿಸಿ ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಕಂಪನಿಯವರೇ ಬಂದು ಕೂತು ನೋಡುತ್ತಾರೆ.

"ನೀವು ಬರಲೇಬೇಕು ಅಜ್ಜಿ. ನೀವು, ಮತ್ತೆ ಹೋದ ಸಲ ಬಂದಿದ್ದವರೆಲ್ಲ. ಈ ಸಲ ಪಾಸಾದ್ರೆ ಮತ್ತೆ ಯಾರೂ ಕೇಳಲ್ಲ, ಅದೇ ಮುಚ್ಚಳ ಕಾಯಂ."

ಅಜ್ಜಿ ಅವಳನ್ನು ಕೂರಿಸಿದಳು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಬಾಟಲಿ ಕದ್ದದ್ದು, ಮನೆಯಲ್ಲಿ ಕುಸ್ತಿ ಮಾಡಿದ್ದು, ಓಣಿಯಲ್ಲಿ ಪಾಠ ಮಾಡಿದ್ದು. ಹಲ್ಲಿನ ಗುರುತಿದ್ದ ಮುಚ್ಚಳವನ್ನು ತಂದು ಅವಳ ಅಂಗೈ ಮೇಲಿಟ್ಟಳು. "ನನ್ನ ಕೈಲಿ ಆಗಿರಲಿಲ್ಲ ಕಣಮ್ಮ ಅವತ್ತು. ನನ್ನ ಹಠಕ್ಕೆ ಆಯ್ತು. ನಿನ್ನ ಕಾನೂನು ಕೇಳಿದ್ದು ಕೈನ, ನಾನು ಕೊಟ್ಟಿದ್ದು ಹಠಾನ."

ಮೇಲ್ವಿಚಾರಕಿ ಮುಚ್ಚಳದ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದಳು.

"ತಪ್ಪು ನಿಮ್ಮೊಬ್ಬರದ್ದಲ್ಲ ಅಜ್ಜಿ" ಎಂದಳು, ದನಿ ತಗ್ಗಿಸಿ. "ಪ್ರತಿ ಸಲ ಹೊಸಬರನ್ನೇ ಕರೀಬೇಕು, ಆ ಮುಚ್ಚಳ ಹಿಂದೆ ಕಂಡೇ ಇರಬಾರದು ಅಂತ ನಿಯಮದಲ್ಲೇ ಇದೆ. ನನಗೆ ಗೊತ್ತಿತ್ತು. ನೀವುಗಳಾದ್ರೆ ಬೇಗ ಮುಗಿಯುತ್ತೆ ಅಂತ ನಮ್ಮವರೂ ಸುಮ್ಮನಿದ್ರು, ನಾನೂ ಸುಮ್ಮನಿದ್ದೆ." ಎದ್ದು ನಿಂತಳು. "ಹೊಸಬರನ್ನೇ ಕರೀತೀನಿ. ಏನಾದ್ರೂ ಆಗ್ಲಿ. ಆದ್ರೆ ಅಜ್ಜಿ, ಇನ್ನು ಮೇಲೆ ನಿಮ್ಮನ್ನ ಯಾವ ಪರೀಕ್ಷೆಗೂ ಕರೆಯೋ ಹಾಗಿಲ್ಲ."

"ಗೊತ್ತು" ಎಂದಳು ಅಜ್ಜಿ. ಆ ಕುರ್ಚಿ, ಆ ಗೌರವ, ಎಲ್ಲ ಅಲ್ಲಿಗೆ ಮುಗಿಯಿತು. ಆದರೂ ಗಂಡ ಇದ್ದ ಒಳಕೋಣೆಯ ಕಡೆ ತಿರುಗಿ ಕೇಳಿದಳು, "ಅವರನ್ನ ಕರೀಬಹುದಾ? ಅವರು ಆ ಮುಚ್ಚಳ ಒಂದ್ಸಲಾನೂ ತೆಗೆದವರಲ್ಲ."

"ತಾತನಿಗೆ ಮುಚ್ಚಳ ಗೊತ್ತಾಗಿಹೋಗಿದೆ ಅಜ್ಜಿ, ಲೆಕ್ಕಕ್ಕೆ ಬರಲ್ಲ" ಎಂದಳು ಮೇಲ್ವಿಚಾರಕಿ. ಬಾಗಿಲವರೆಗೆ ಹೋದವಳು ನಿಂತು ತಿರುಗಿದಳು. "ಆದ್ರೂ ಕರ್ಕೊಂಡು ಬನ್ನಿ. ಲೆಕ್ಕದ ಹೊರಗೆ ಕೂರಿಸ್ತೀನಿ. ಕಂಪನಿಯವರು ಒಂದ್ಸಲ ಕಣ್ಣಾರೆ ನೋಡಲಿ."

ಪರೀಕ್ಷೆಯ ದಿನ ಅಜ್ಜಿ ಓಣಿಯಲ್ಲಿ ಗಾಜಿನ ಆಚೆ ನಿಂತಳು. ಬಾಗಿಲು ಅರ್ಧ ತೆರೆದಿತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅವಳು ಎಂದೂ ಕಾಣದ ಮುದುಕ ಮುದುಕಿಯರು ಮೇಜಿನ ಸುತ್ತ ಕೂತಿದ್ದರು. ತುದಿಯಲ್ಲಿ ಅವಳ ಗಂಡ. ಗೋಡೆ ಬದಿಯಲ್ಲಿ ಹೊಳೆಯುವ ಬೂಟಿನ ಕಂಪನಿಯವನು. ಶುರು ಎಂದ ಕೂಡಲೇ ಕೋಣೆಯ ತುಂಬ ಕಟಕಟ ಸದ್ದು. ದಪ್ಪ ಮೀಸೆಯ ಒಬ್ಬ ಯಜಮಾನರು ತುಟಿ ಕಚ್ಚಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಸೋಲಲೊಲ್ಲದೆ ಹೆಣಗುತ್ತಿದ್ದರು. ಒಬ್ಬ ಹೆಂಗಸು ಯಾರೂ ನೋಡದ ಹಾಗೆ ಬಾಟಲಿಯನ್ನು ಸೆರಗಿನೊಳಗೆ ಮರೆಮಾಡಿಕೊಂಡಿದ್ದಳು. ಅಜ್ಜಿ ಅವರೆಲ್ಲರಲ್ಲೂ ತನ್ನನ್ನೇ ಕಂಡಳು.

ಅಜ್ಜ ಮಾತ್ರ ಬಾಟಲಿಯನ್ನು ಎತ್ತಿಕೊಂಡು, ಒತ್ತಿದ, ತಿರುವಿದ. ಇನ್ನೊಮ್ಮೆ ಒತ್ತಿದ. ಆಮೇಲೆ ಅದನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಎರಡೂ ಕೈ ತೊಡೆಯ ಮೇಲಿರಿಸಿ, "ನನಗೆ ಆಗಲ್ಲಮ್ಮ" ಎಂದ.

ಅಷ್ಟೇ. ನೀರು ಬೇಕು ಅನ್ನುವಷ್ಟು ಸರಾಗವಾಗಿ ಅಂದುಬಿಟ್ಟ. ದನಿಯಲ್ಲಿ ನಾಚಿಕೆಯಿಲ್ಲ, ಸಿಟ್ಟಿಲ್ಲ.

"ಇನ್ನೂ ಹೊತ್ತಿದೆ ತಾತ, ಇನ್ನೊಂದ್ಸಲ ನೋಡ್ತೀರಾ?"

"ನೋಡಿದೆನಲ್ಲ. ಎದೆ ಹಿಡ್ಕೊಂಡು ಕೂತಾಗಲೂ ನೋಡಿದ್ದೆ. ಆಗಲ್ಲ."

ಮೀಸೆಯ ಯಜಮಾನರು ತಲೆಯೆತ್ತಿ ಅಜ್ಜನನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಭುಜ ಇಳಿಯಿತು. "ನನಗೂ ಆಗ್ತಿಲ್ಲ ಕಣ್ರೀ" ಎಂದು ಬಾಟಲಿ ಕೆಳಗಿಟ್ಟರು. ಸೆರಗಿನೊಳಗಿಂದ ಇನ್ನೊಂದು ಬಾಟಲಿ ಹೊರಗೆ ಬಂತು. ಒಂದಾದ ಮೇಲೊಂದು ಬಾಟಲಿಗಳು ಮೇಜಿಗೆ ಇಳಿದವು, ಮುಚ್ಚಳ ಮುಚ್ಚಿಕೊಂಡೇ. ಹೊಳೆಯುವ ಬೂಟಿನವನು ಗೋಡೆಯಿಂದ ಬೆನ್ನು ಬಿಡಿಸಿ ಮುಂದೆ ಬಂದು, ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ.

ಗಾಜಿನ ಆಚೆ ಅಜ್ಜಿಯ ಕಣ್ಣು ತುಂಬಿ ಬಂದಿತ್ತು. ಎಷ್ಟು ದೊಡ್ಡ ಕಾನೂನು, ಎಷ್ಟು ಜನರ ಯೋಚನೆ, ಎಷ್ಟು ಕಾರ್ಖಾನೆ, ಎಷ್ಟು ಮನೆ! ಅಷ್ಟೂ ಕಿವಿಗೊಟ್ಟು ಕಾದಿದ್ದುದು ಈ ಒಂದು ಮಾತಿಗೆ. ಅದನ್ನು ಹೇಳಿದ್ದು ಬದುಕಿಡೀ ತಾನು ಕೈಲಾಗದವನೆಂದು ಆಡಿಕೊಂಡ ತನ್ನ ಗಂಡ. ಅವನನ್ನು ಇವತ್ತು ಹೊಸದಾಗಿ ನೋಡುತ್ತಿರುವ ಹಾಗೆ ನೋಡಿದಳು.

ಮೇಲ್ವಿಚಾರಕಿ ಹೊರಗೆ ಬಂದು, "ಈ ಮುಚ್ಚಳ ಇಲ್ಲಿಗೆ ನಿಂತಿತು ಅಜ್ಜಿ" ಎಂದು ಪಿಸುಗುಟ್ಟಿ ಹೋದಳು. ಹಿಂದೆಯೇ ಅಜ್ಜ ಬಂದ.

"ಪರೀಕ್ಷೇಲಿ ಫೇಲಾದೆ ಕಣೇ" ಎಂದು ನಕ್ಕ.

ಅಜ್ಜಿ ಏನೋ ಚುಚ್ಚಬೇಕೆಂದು ಬಾಯಿ ತೆರೆದಳು, ಆದರೆ ಮಾತು ಬೇರೆಯೇ ಬಂತು. ಹೊರಗೆ ಗಾಳಿ ಎದ್ದಿತ್ತು. ಅವಳ ಸ್ವೆಟರಿನ ಗುಂಡಿಗಳು ಬಿಚ್ಚಿಕೊಂಡೇ ಇದ್ದವು. ಬೆಳಗ್ಗೆಯಿಂದ ಹಾಕಲು ನೋಡಿ ನೋಡಿ ಬಿಟ್ಟಿದ್ದಳು.

"ರೀ, ಈ ಗುಂಡಿ ಸ್ವಲ್ಪ ಹಾಕ್ತೀರಾ?" ಎಂದಳು. "ನನಗೆ ಆಗ್ತಾ ಇಲ್ಲ."

ಅಜ್ಜ ಅವಳ ಮುಖವನ್ನೊಮ್ಮೆ ನೋಡಿದ. ಓಣಿಯಲ್ಲಿ ಬಂದುಹೋಗುವವರೆಲ್ಲ ನೋಡುತ್ತಿರುವಂತೆಯೇ, ಅಭ್ಯಾಸವಿಲ್ಲದ ಬೆರಳುಗಳಿಂದ, ಮೇಲಿನಿಂದ ಶುರು ಮಾಡಿ ಒಂದೊಂದೇ ಗುಂಡಿ ಹಾಕತೊಡಗಿದ. ಅಜ್ಜಿ ಕೈ ಕೆಳಗೆ ಬಿಟ್ಟು ನಿಂತಿದ್ದಳು.